ವೈರಸ್ ಹಾಕದ ವೆಲ್‌ಗಳಲ್ಲೂ ಕೋಶಗಳು ದುಂಡಗಾಗುತ್ತಿವೆ, ಕಾರಣವೇನು?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ):
ಅನುಭವಿಗಳಲ್ಲಿ ವಿನಂತಿ. ಕುರಿ-ಮೇಕೆಗಳ ಹಿರೇಬೇನೆಯ ಲಸಿಕೆ ವೈರಸ್ಸನ್ನು ವೀರೋ ಕೋಶಗಳ (ಪ್ರಯೋಗಾಲಯದಲ್ಲಿ ಬೆಳೆಸುವ ಕೋತಿಯ ಮೂತ್ರಪಿಂಡದ ಕೋಶಗಳು) ಮೇಲೆ ಹಾಕಿ, 96 ವೆಲ್‌ಗಳ (ಪುಟ್ಟ ಗುಳಿಗಳ) ಪ್ಲೇಟನ್ನು 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಇಟ್ಟಿದ್ದೆ. ಮರುದಿನವೇ ಇನ್ವರ್ಟೆಡ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ, ಒತ್ತಾಗಿ ಹಾಸಿಕೊಂಡಿರಬೇಕಾದ ಕೋಶಗಳು ನೆನೆಸಿದ ಸಾಬೂದಾಣಿಯಂತೆ ದುಂಡಗಾಗಿ, ತಳ ಬಿಟ್ಟು ತೇಲುತ್ತಿದ್ದವು. ವೈರಸ್ ಬೆಳೆದಿದೆಯೆಂದು ಸಂತೋಷದಿಂದ ಫೋಟೋ ತೆಗೆದ ಮೇಲೆ, ವೈರಸ್ ಹಾಕದ ಕಂಟ್ರೋಲ್ ವೆಲ್‌ಗಳಲ್ಲೂ ಅದೇ ನೋಟ ಕಂಡಿತು.

ಉತ್ತರ (ಹುಬ್ಬಳ್ಳಿ):
ಆ ಕಂಟ್ರೋಲ್ ವೆಲ್‌ಗಳು ಪ್ಲೇಟಿನ ಅಂಚಿನಲ್ಲಿವೆಯೇ, ಇನ್‌ಕ್ಯುಬೇಟರಿನ ನೀರಿನ ತಟ್ಟೆ ತುಂಬಿದೆಯೇ ಎಂಬುದನ್ನು ಮೊದಲು ನೋಡಿರಿ. ನಮ್ಮ ಕಡೆಯ ಬೇಸಿಗೆಯ ಒಣಗಾಳಿಗೆ ಆ ನೀರು ಬೇಗ ಆರುತ್ತದೆ. ಅಂಚಿನ ವೆಲ್‌ಗಳ ಮಾಧ್ಯಮ, ಅಂದರೆ ಕೋಶಗಳ ಪೋಷಕ ದ್ರವ, ಆವಿಯಾಗಿ ಲವಣದ ಸಾಂದ್ರತೆ ಹೆಚ್ಚಿದರೆ ಕೋಶಗಳು ಮುದುಡುತ್ತವೆ. ದುಂಡಗಾಗುವುದು ವೈರಸ್ಸಿನ ಗುರುತೇ ಆಗಬೇಕಿಲ್ಲ. ವಿಷದಿಂದಲೋ ನೀರಿನ ಬರದಿಂದಲೋ ಸಾಯುವ ಕೋಶವೂ ಹಾಗೆಯೇ ಕಾಣುತ್ತದೆ. ಈ ವೈರಸ್ಸು ದಡಾರದ ವೈರಸ್ಸಿನ ಬಳಗದ್ದು, ಒಂದೇ ದಿನದಲ್ಲಿ ಇಷ್ಟು ಹಾನಿ ಮಾಡಿದೆ ಎಂದರೆ ನಾನು ನಂಬುವುದಿಲ್ಲ. ಇದರ ನಿಜವಾದ ಗುರುತು ಅಕ್ಕಪಕ್ಕದ ಕೋಶಗಳ ಪೊರೆಗಳು ಬೆಸೆದುಕೊಂಡು ಆಗುವ ಬಹುಕೇಂದ್ರಕ ಕೋಶ, ಅಂದರೆ ಸಿನ್ಸಿಷಿಯಮ್. ವೀರೋದಲ್ಲಿ ಅದು ಬಹಳ ಚಿಕ್ಕದು, ಬಣ್ಣ ಹಾಕದೆ ಸುಲಭವಾಗಿ ಕಾಣದು.

ಕಂಟ್ರೋಲ್ ಕೈಕೊಟ್ಟಿತೆಂದು ನಾಚಬೇಕಿಲ್ಲ. 1954ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಎಂಡರ್ಸ್ ಮತ್ತು ಪೀಬಲ್ಸ್ ದಡಾರದ ವೈರಸ್ಸನ್ನು ಬೆಳೆಸಿದಾಗ, ಏನೂ ಹಾಕದ ಕೋತಿಯ ಮೂತ್ರಪಿಂಡದ ಕೋಶಗಳಲ್ಲೂ ಅಂಥದೇ ಬದಲಾವಣೆ ತರುವ ಇನ್ನೊಂದು ವೈರಸ್ ಸಿಕ್ಕಿತು. ಬಣ್ಣ ಹಾಕದೆ ಎರಡನ್ನೂ ಖಚಿತವಾಗಿ ಬೇರ್ಪಡಿಸಲು ಅವರಿಗೂ ಆಗಲಿಲ್ಲ.

ಅಂಚಿನ ಸಾಲುಗಳಲ್ಲಿ ಕೋಶಗಳಿಲ್ಲದೆ ಬರೀ ಬಫರ್ (ಲವಣದ ದ್ರಾವಣ) ತುಂಬಿ, ಕಂಟ್ರೋಲನ್ನು ಒಳಗೆ ತನ್ನಿರಿ. ಜೊತೆಗೆ ಆರು ವೆಲ್‌ಗಳ ಪ್ಲೇಟಿನಲ್ಲಿ ಕವರ್‌ಸ್ಲಿಪ್ (ತೆಳು ಗಾಜಿನ ಬಿಲ್ಲೆ) ಮೇಲೆ ಕೋಶ ಬೆಳೆಸಿ, ಸೋಂಕು ತಗುಲಿಸಿ, ಹೆಮಟಾಕ್ಸಿಲಿನ್-ಇಯೋಸಿನ್ ಬಣ್ಣ ಹಾಕಿ ನೋಡಿರಿ. ಆಗಲೂ ಸಂಶಯ ಉಳಿದರೆ ಕೋಶಗಳ ಮೇಲಿನ ದ್ರವವನ್ನು ಹೊಸ ಕೋಶಗಳಿಗೆ ಮತ್ತೆ ಮತ್ತೆ ದಾಟಿಸಿರಿ: ವಿಷವಾದರೆ ದಾಟಿಸಿದಂತೆ ತೆಳುವಾಗುತ್ತದೆ, ವೈರಸ್ಸಾದರೆ ಮತ್ತೆ ಬೆಳೆಯುತ್ತದೆ.

ಪ್ರಶ್ನಿಸಿದವರು:
ತಾವು ಹೇಳಿದ್ದು ನಿಜ. ತಟ್ಟೆಯಲ್ಲಿ ಒಂದು ಹನಿ ನೀರಿರಲಿಲ್ಲ, ಹಾಳಾದ ಕಂಟ್ರೋಲ್‌ಗಳೆಲ್ಲ ಅಂಚಿನವೇ. ಹೊಸ ಪ್ಲೇಟಿನ ಕಂಟ್ರೋಲ್ ಐದನೆಯ ದಿನವೂ ಹಾಸಿದಂತೆಯೇ ಇದೆ. ಸೋಂಕಿನ ಕವರ್‌ಸ್ಲಿಪ್‌ನಲ್ಲಿ ಗುಲಾಬಿ ಬಣ್ಣದ ಒಂದೇ ಕೋಶದೊಳಗೆ ಏಳು ನೀಲಿ ಕೇಂದ್ರಕಗಳು ಗಡಿಯಾರದ ಅಂಕಿಗಳಂತೆ ಸುತ್ತ ಕೂತಿವೆ. ಮೊದಲಿನ ಫೋಟೋಗಳನ್ನು ಅಳಿಸಿಬಿಡಲೇ?

ಉತ್ತರ (ಹುಬ್ಬಳ್ಳಿ):
ಬೇಡ. "ಒಣಗಿದ ವೆಲ್" ಎಂದು ಹೆಸರು ಬರೆದು ಇಟ್ಟುಕೊಳ್ಳಿರಿ, ಮುಂದಿನ ಬೇಸಿಗೆಗೆ ಬೇಕಾಗುತ್ತದೆ.