ಶುಗರ್ ಇದ್ದವರು ಆರೋಗ್ಯ ವಿಮೆ ಕಂಪನಿ ಬದಲಿಸಬಹುದಾ? (ನೆದರ್ಲೆಂಡ್ಸ್)

ಬೆಣ್ಣೆದೋಸೆ_ಐಂಡ್‌ಹೋವನ್:
ದಾವಣಗೆರೆಯಿಂದ ಇಲ್ಲಿಗೆ ಬಂದು ಎರಡು ವರ್ಷ. ನಮ್ಮ ಮನೆಯವರಿಗೆ ಹದಿನಾಲ್ಕನೇ ವಯಸ್ಸಿಂದ ಶುಗರ್, ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಬೆಂಗಳೂರಲ್ಲಿ ಒಂದು ವಿಮೆ ಕಂಪನಿಯವರು ಫಾರಂ ನೋಡಿದ್ದೇ ವಾಪಸ್ ಕೊಟ್ಟಿದ್ದರು. ಈಗ ಇಲ್ಲಿನ ಕಂಪನಿ ಜನವರಿಯಿಂದ ಪ್ರೀಮಿಯಂ ಏರಿಸ್ತೀವಿ ಅಂತ ಪತ್ರ ಹಾಕಿದೆ. ಇನ್ನೊಂದು ಕಡೆ ತಿಂಗಳಿಗೆ 11 ಯೂರೋ ಕಮ್ಮಿ. ಇದನ್ನ ಬಿಟ್ಟು, ಅಲ್ಲೂ ಸೇರಿಸಿಕೊಳ್ಳದೇ ಹೋದರೆ? ಅಲ್ಲ, ಎಲ್ಲರೂ ಮಾರೋದು ಸರ್ಕಾರ ಬರೆದ ಒಂದೇ ಪ್ಯಾಕೇಜ್ ಅಂದಮೇಲೆ ಇಷ್ಟೊಂದು ಕಂಪನಿ ಯಾಕೆ ಬೇಕು?

ಅಮ್ಸ್ಟಲ್‌ವೇನ್_ಮಾವ:
ನೀವು ಹೇಳಿದ ಆ ಸರ್ಕಾರದ ಪ್ಯಾಕೇಜ್, ಅಂದರೆ ಮೂಲ ವಿಮೆಗೆ, ಯಾರೂ ಬೇಡ ಅನ್ನುವ ಹಾಗಿಲ್ಲ, ಕಾಯಿಲೆ ಇದೆ ಅಂತ ಹೆಚ್ಚು ಕೇಳುವ ಹಾಗೂ ಇಲ್ಲ. ಕಾನೂನೇ ಹಾಗಿದೆ.

ನಾನು ಬಂದಿದ್ದು 2003ರಲ್ಲಿ. ಆಗ ಸಂಬಳಕ್ಕೊಂದು ಗೆರೆ ಇತ್ತು. ಕೆಳಗಿನವರಿಗೆ ಸಾರ್ವಜನಿಕ ನಿಧಿ, ಮೇಲಿನವರು ಖಾಸಗಿ ಕಂಪನಿ ಹುಡುಕಿಕೊಳ್ಳಬೇಕು. 2006ರ ಜನವರಿ 1ಕ್ಕೆ ಎರಡನ್ನೂ ಒಟ್ಟು ಮಾಡಿದರು. ಯೋಚನೆ ಹಳೆಯದು: ಸ್ಟ್ಯಾನ್‌ಫರ್ಡ್‌ನ ಅಲೈನ್ ಎಂಥೋವನ್ ಅನ್ನುವ ಅರ್ಥಶಾಸ್ತ್ರಜ್ಞ ಹೇಳಿದ ನಿಯಂತ್ರಿತ ಪೈಪೋಟಿ, ಅಂದರೆ ಕಂಪನಿಗಳು ಪೈಪೋಟಿ ಮಾಡಲಿ, ಆದರೆ ಸರ್ಕಾರ ಹಾಕಿದ ನಿಯಮದೊಳಗೆ. ಇಲ್ಲಿ ಸರ್ಕಾರ ನೇಮಿಸಿದ ಡೆಕ್ಕರ್ ಸಮಿತಿ 1987ರಲ್ಲೇ ಆ ದಾರಿ ತೋರಿಸಿತ್ತು. ಅಮೆರಿಕದಲ್ಲಿ ಕ್ಲಿಂಟನ್ 1993ರಲ್ಲಿ ಇಂಥದ್ದನ್ನೇ ತಂದರು, ಮರುವರ್ಷ ಅದು ಸಂಸತ್ತಲ್ಲೇ ಮಣ್ಣಾಯಿತು.

ಇದರ ಕೀಲಿ ಇರೋದು ಯಾರೂ ನೋಡದ ಜಾಗದಲ್ಲಿ. ನಿಮ್ಮ ಆಫೀಸು ನಿಮ್ಮ ಸಂಬಳದ ಲೆಕ್ಕದಲ್ಲಿ ಒಂದು ಕೇಂದ್ರ ನಿಧಿಗೆ ದುಡ್ಡು ಕಟ್ಟುತ್ತೆ. ಇನ್ಸುಲಿನ್ ತಗೊಳ್ಳುವವರು ಸೇರಿದರೆ ಆ ನಿಧಿ ಕಂಪನಿಗೆ ಹೆಚ್ಚು ಕೊಡುತ್ತೆ, ಗಟ್ಟಿಮುಟ್ಟಾದ ಹುಡುಗ ಸೇರಿದರೆ ಕಮ್ಮಿ. ಹಾಗಾಗಿ ನಿಮ್ಮ ಮನೆಯವರು ಅವರಿಗೆ ಹೊರೆಯಲ್ಲ. ಆರೋಗ್ಯವಂತರನ್ನ ಆರಿಸಿ ಲಾಭ ಮಾಡುವ ದಾರಿ ಮುಚ್ಚಿದ ಮೇಲೆ ಕಂಪನಿಗೆ ಉಳಿಯೋದು ಆಸ್ಪತ್ರೆಗಳ ಜೊತೆ ಚೌಕಾಸಿ. ನಿಮ್ಮ 11 ಯೂರೋ ಬರೋದು ಅಲ್ಲಿಂದ.

ಶಿರಸಿ_ಅಕ್ಕ:
ಮಾವ ಹೇಳಿದ್ದು ಸರಿ, ಆದರೆ ಆ ಚೌಕಾಸಿಯ ಬಿಸಿ ನಮಗೇ ತಟ್ಟೋದು ತಮ್ಮಾ. ಅಗ್ಗದ ಪಾಲಿಸಿ ಅಂತ ನಾನೂ ಒಂದು ವರ್ಷ ಹಾರಿದೆ. ನನ್ನ ಮಂಡಿ ನೋಡುವ ಆಸ್ಪತ್ರೆ ಜೊತೆ ಅವರ ಒಪ್ಪಂದವೇ ಇರಲಿಲ್ಲ! ಬಿಲ್ಲಿನ ಒಂದು ಪಾಲು ನಮ್ಮ ತಲೆಗೇ ಬಂತು. ಮೊದಲು ಅವಳ ಶುಗರ್ ಡಾಕ್ಟರ ಆಸ್ಪತ್ರೆ ಪಟ್ಟಿಯಲ್ಲಿದೆಯಾ, ಅವಳ ಶುಗರ್ ಅಳೆಯುವ ಸೆನ್ಸರ್ ಯಾವ ಬ್ರ್ಯಾಂಡ್ ಕೊಡ್ತಾರೆ ಅಂತ ಫೋನ್ ಮಾಡಿ ಕೇಳು.

ವರ್ಷದ ಚಿಕಿತ್ಸೆ ಖರ್ಚಲ್ಲಿ ಮೊದಲ 385 ಯೂರೋ ಹೇಗೂ ನಮ್ಮ ಜೇಬಿಂದಲೇ. ಮನೆ ಡಾಕ್ಟರ ಫೀಸು ಅದರಲ್ಲಿ ಬರಲ್ಲ. ಆ 385ನ್ನ 885ಕ್ಕೆ ಏರಿಸಿಕೊಂಡರೆ ಪ್ರೀಮಿಯಂ ಇಳಿಯುತ್ತೆ ಅಂತ ಆಸೆ ತೋರಿಸ್ತಾರೆ. ಇನ್ಸುಲಿನ್ ಇರುವ ಮನೆಗೆ ಅದು ಬೇಡವೇ ಬೇಡ. ಹಲ್ಲಿನ ಹೆಚ್ಚುವರಿ ವಿಮೆಗೆ ಮಾತ್ರ ಬೇಡ ಅನ್ನುವ ಹಕ್ಕು ಕಂಪನಿಗಿದೆ, ಅದು ಕೈಗೆ ಸಿಗೋ ತನಕ ಹಳೇದನ್ನ ಬಿಡಬೇಡ.

ಗುಡ್ಡದಭೂತ:
ಪೈಪೋಟಿ ಅಂತೆ! ಹೆಸರು ಹತ್ತಾರು, ಹಿಂದೆ ಇರೋದು ನಾಲ್ಕು ದೊಡ್ಡ ಗುಂಪು. ಒಂದೇ ಅಡುಗೆಮನೆ, ಬೋರ್ಡ್ ಮಾತ್ರ ಬೇರೆ.

ಅಮ್ಸ್ಟಲ್‌ವೇನ್_ಮಾವ:
ಅದು ನಿಜ ಭೂತಪ್ಪಾ. ಆದರೂ ಫಾರಂ ವಾಪಸ್ ಕೊಡಲ್ವಲ್ಲ.

ಬೆಣ್ಣೆದೋಸೆ_ಐಂಡ್‌ಹೋವನ್:
ಅಕ್ಕಾ, ಫೋನ್ ಮಾಡಿದೆ. ಆಸ್ಪತ್ರೆ ಪಟ್ಟಿಯಲ್ಲಿದೆ, ಸೆನ್ಸರ್ ಮಾತ್ರ ಬೇರೆ ಬ್ರ್ಯಾಂಡ್. ಅವಳು 'ನಿನ್ನ 11 ಯೂರೋ ನೀನೇ ಇಟ್ಕೋ' ಅಂದಳು.