ಬ್ಯಾಡಗಿ ಮೆಣಸಿನಕಾಯಿ ಫೋಟೋದಾಗ ಸುಕ್ಕು ಕಾಣವಲ್ದು, ಬರೇ ಕೆಂಪು ಗುಪ್ಪಿ. ದಾರಿ ಹೇಳ್ರಿ

ಕಡ್ಡಿಕಾಯಿ_ಹಾವೇರಿ:
ಮೂರು ದಿನಾತು, ತಲಿ ಕೆಟ್ಟು ಕುಂತೇನ್ರಿ. ಹೊಲದಾಗ ಈ ಸಲ ಬ್ಯಾಡಗಿ ಕಡ್ಡಿ ಮೆಣಸಿನಕಾಯಿ ಭಾಳ ಛಲೋ ಬಂದಾವು. ಪುಣೇದ ಗಿರಾಕಿ ಒಬ್ರು "ಫೋಟೋ ಹಾಕ್ರಿ, ನೋಡಿ ರೇಟ್ ಹೇಳ್ತೇನಿ" ಅಂದ್ರು. ನಲವತ್ತು ಫೋಟೋ ತಗದೇನಿ, ನಲವತ್ತೂ ಒಂದ ನಮೂನಿ. ಕುಂಕುಮ ಚೆಲ್ಲಿದಂಗ ಕೆಂಪು ಗುಪ್ಪಿ. ಕಾಯಿ ಯಾವುದು, ಅದರ ಮಗ್ಗಲದ್ದು ಯಾವುದು ತಿಳಿಯೂದಿಲ್ಲ. ಮೈಮ್ಯಾಲಿನ ಸುಕ್ಕಂತೂ ಕಾಣೂದ ಇಲ್ಲ. ಬ್ಯಾಡಗಿ ಕಾಯಿ ಅಂತ ಗುರ್ತು ಹಿಡಿಯೂದ ಆ ಸುಕ್ಕು ನೋಡಿ. ಗಿರಾಕಿ "ಇದು ಗುಂಟೂರ ಮಾಲ್ ಇದ್ದಂಗ ಐತಲ್ರಿ" ಅಂದಾಗ ಹೊಟ್ಟ್ಯಾಗ ಬೆಂಕಿ ಬಿದ್ದಂಗಾತು. ಫೋನ್ ಹೊಸಾದು, 108 ಮೆಗಾಪಿಕ್ಸೆಲ್. ಎಲ್ಲಿ ತಪ್ಪಾಕತ್ತೈತಿ?

ಉಣಕಲ್_ಕೆರಿದಂಡಿ:
ಲೆನ್ಸ್ ಒರಸ್ರಿ. ಬೆರಳಿನ ಜಿಡ್ಡು ಕುಂತಿರತೈತಿ. ಹೊಸಾ ಫೋನ್ ಆದ್ರೂ ಮೊದಲ ದಿನದಿಂದ ಕುಂತಿರತೈತಿ.

ಕಡ್ಡಿಕಾಯಿ_ಹಾವೇರಿ:
ಒರಸೇನ್ರಿ, ಅಂಗಿ ಚುಂಗಿಲೆ.

ಉಣಕಲ್_ಕೆರಿದಂಡಿ:
ಅಂಗೀಲೆ ಒರಸಿದ್ರ ಜಿಡ್ಡು ಹೋಗಂಗಿಲ್ಲ, ಹರಡತೈತಿ. ಚಾಳೀಸ ಒರಸೂ ಮೆತ್ತನ್ನ ಅರಬಿ ತಗೋರಿ. ಲೆನ್ಸ್ ಮ್ಯಾಲೆ ಬ್ಯಾರೆ ಗ್ಲಾಸ್ ಹಚ್ಚೀರೇನು? ಹಚ್ಚಿದ್ರ ಕೀಳ್ರಿ.

ಕಡ್ಡಿಕಾಯಿ_ಹಾವೇರಿ:
ಹಚ್ಚಿದ್ದೆ. ಕಿತ್ತು, ಅರಬಿಲೆ ಒರಸಿ ಮತ್ತ ತಗದೆ. ಹಂಗ ಐತಿ.

ಬೆಟಗೇರಿ_ಫೋಟೋ:
108 ಇದ್ದಮ್ಯಾಲೆ 108 ಮೋಡಿನಾಗ ತಗೀರಲ್ಲ. ಸುಮ್ನ ಕ್ಯಾಮೆರಾ ತಗದು ಒತ್ತಿದ್ರ 12ರಾಗ ಬರತೈತಿ. ನಾ ಮೊನ್ನೆ ಲಕ್ಕುಂಡಿ ಕಾಶಿವಿಶ್ವನಾಥ ಗುಡಿ ಬಾಗಿಲ ಚೌಕಟ್ಟು ಪೂರಾ ಪಿಕ್ಸೆಲ್ ಮೋಡಿನಾಗ ತಗದೆ. ಟ್ರೈಪಾಡ್, ಬ್ಲೂಟೂತ್ ಬಟನ್, ಎಲ್ಲಾ ಜೋಡಿಸಿಕೊಂಡು ಹೋಗಿದ್ದೆ. ಬಳ್ಳಿ ಕೆತ್ತನಿ ಒಳಗಿನ ಎಲಿ ಎಣಿಸಬಹುದು, ಹಂಗ ಬಂದೈತಿ.

ರಾಣೇಬೆನ್ನೂರು_ಜಿಂಕೆ:
ಬೆಟಗೇರಿ ಅಣ್ಣಾರ, ತಪ್ಪು ತಿಳೀಬ್ಯಾಡ್ರಿ. ಆ ಸೆನ್ಸರಿನಾಗ, ಅಂದ್ರ ಫೋನಿನ ಬೆಳಕು ಹಿಡಿಯೂ ಚಿಪ್ಪಿನಾಗ, 9 ಸಣ್ಣ ಪಿಕ್ಸೆಲ್ ಕೂಡಿ 1 ಆಗತಾವು, ಅದಕ್ಕ 12 ಬರತೈತಿ. ಬೆಳಕು ಕಡಿಮಿ ಇದ್ದಲ್ಲಿ ಆ 12 ಛಲೋ. ನೆಳ್ಳಿನಾಗ 108 ಹಾಕಿದ್ರ ಕಾಳು ಕಾಳಾಗಿ ಬರತೈತಿ.

ಬೆಟಗೇರಿ_ಫೋಟೋ:
ಟ್ರೈಪಾಡ್ ಇದ್ರ ಯಾವ ಕಾಳೂ ಬರೂದಿಲ್ಲ. ನನ್ನ ಫೋಟೋ ಹಾಕೇನಿ, ನೋಡ್ರಿ.

ರಾಣೇಬೆನ್ನೂರು_ಜಿಂಕೆ:
ನೋಡಿದೆ, ಭಾಳ ಛಲೋ ಐತಿ. ಆದ್ರ ಅದು ಬಿಸಲಾಗಿನ ಫೋಟೋ. ಕೃಷ್ಣಮೃಗ ಅಭಯಾರಣ್ಯದಾಗ ಸಂಜಿ ಆರಕ್ಕ 108ರಾಗ ತಗದು ನೋಡ್ರಿ, ಆಮ್ಯಾಲೆ ಮಾತಾಡೂಣು.

ಉಣಕಲ್_ಕೆರಿದಂಡಿ:
ಮೆಗಾಪಿಕ್ಸೆಲ್ ಮಾತು ಬಿಡ್ರಿ. ಲೆನ್ಸ್ ಒಳಗ ಮೆಣಸಿನಕಾಯಿ ಧೂಳು ಹೊಕ್ಕಿರಬೇಕು. ಸರ್ವಿಸಿಗೆ ಕೊಡ್ರಿ.

ಕಸೂತಿ_ಅಕ್ಕ_ಧಾರವಾಡ:
ಕಡ್ಡಿಕಾಯಿ ತಮ್ಮಾ, ಸರ್ವಿಸಿಗೆ ಕೊಡಬ್ಯಾಡಪಾ. ಒಂದ್ ಮಾತು ಹೇಳು: ಕಾಯಿ ಎಲ್ಲಿ ಹರವಿ, ಎಷ್ಟೊತ್ತಿಗೆ ತಗದಿ?

ಕಡ್ಡಿಕಾಯಿ_ಹಾವೇರಿ:
ಎಲ್ಲಾರೂ ಹರವಿದಂಗ ತಾಡಪತ್ರಿ ಮ್ಯಾಲೆರೀ ಅಕ್ಕಾರ, ನೀಲಿದು. ಮಧ್ಯಾಹ್ನ ಹನ್ನೆರಡಕ್ಕ, ಬಿಸಲು ಛಲೋ ಇದ್ದಾಗ. ಫೋನು ತಾನ "ಆಹಾರ" ಅಂತ ಬರಕೊಂಡು ಬಣ್ಣ ಏರಿಸ್ತು.

ಕಸೂತಿ_ಅಕ್ಕ_ಧಾರವಾಡ:
ಇದನ್ನ ಮೊದಲ ಹೇಳಿದ್ರ ಲೆನ್ಸ್ ಒರಸೂ ಕೆಲಸ ತಪ್ಪತಿತ್ತು. ನಾ ಇಳಕಲ್ ಸೀರಿಗೆ ಕಸೂತಿ ಹಾಕಿ ಮಾರತೇನಿ. ಟೋಪ್ ತೆನಿ ಸೆರಗಿನ (ಕೆಂಪಿನ ಮ್ಯಾಲೆ ಬಿಳಿ ತೆನಿ ನೇಯ್ದ ಸೆರಗು) ಕೆಂಪು ನನಗೂ ಎರಡು ವರ್ಷ ಹಿಂಗ ಕಾಡೇತಿ. ಬಿಳಿ ಎಳಿ ಒಂದೊಂದು ಕಾಣತಿತ್ತು, ಕೆಂಪು ಮಾತ್ರ ಬಣ್ಣ ಸುರುವಿದಂಗ.

ಸೆನ್ಸರಿನಾಗ ನಾಲ್ಕು ಪಾಲು ಮಾಡಿದ್ರ ಎರಡು ಪಾಲು ಹಸರಿಗೆ, ಒಂದು ನೀಲಿಗೆ, ಒಂದ ಒಂದು ಕೆಂಪಿಗೆ. ಲಕ್ಕುಂಡಿ ಕಲ್ಲು ಬೂದಿ ಬಣ್ಣದ್ದು, ಅದರ ಬೆಳಕು ಎಲ್ಲಾ ಪಾಲಿಗೂ ಬೀಳತೈತಿ, ಅದಕ್ಕ ಬೆಟಗೇರಿಯವರ ಎಲಿ ಎಣಿಸಾಕ ಬಂದ್ವು. ನಿನ್ನ ಕಾಯಿಯಿಂದ ಬರೂದು ಬರೇ ಕೆಂಪು. ಮೂರು ಪಾಲು ಅರ್ಧಾ ಖಾಲಿ ನೋಡಿ ಫೋನು "ಕತ್ತಲೈತಿ" ಅಂತ ತಿಳಕೊಂಡು ಬೆಳಕು ಏರಸ್ತೈತಿ. ಫೋಟೋದಾಗ ಬಣ್ಣದ ಅಳತಿ 0ದಿಂದ 255ರತನಕ; ಕೆಂಪು 255ಕ್ಕ ಹೋಗಿ ತುದಿ ಮುಟ್ಟತೈತಿ, ಅಲ್ಲಿಂದ ಮ್ಯಾಲೆ ಜಾಗಾನ ಇಲ್ಲ. ಸುಕ್ಕಿನ ಏರೂ 255, ತಗ್ಗೂ 255. ಇನ್ನ ಸುಕ್ಕು ಎಲ್ಲಿ ಕಾಣಬೇಕು? ನೀಲಿ ತಾಡಪತ್ರಿ ಅದರ ಮ್ಯಾಲಿಂದ. ನೀಲಿ ಹೆಚ್ಚಾತು ಅಂತ ಫೋನು ಫೋಟೋನ ಮತ್ತ ಕೆಂಪಿನ ಕಡೆ ಎಳೀತೈತಿ.

ತಾಡಪತ್ರಿ ಬಿಟ್ಟು ಗೋಣಿಚೀಲದ ಮ್ಯಾಲೆ ಹರವು. ಮುಂಜಾನೆ ಎಂಟರ ಒಳಗ ತಗಿ, ಬಿಸಲು ಅಡ್ಡ ಬೀಳಬೇಕು. ನೆತ್ತಿ ಮ್ಯಾಲಿನ ಬಿಸಲಿಗೆ ಸುಕ್ಕಿನ ನೆಳ್ಳು ಹುಟ್ಟೂದ ಇಲ್ಲ. ಆ ಆಹಾರದ್ದು ಬಂದ್ ಮಾಡು. ಕಾಯಿ ಮ್ಯಾಲೆ ಬೆರಳ ಒತ್ತಿ ಹಿಡಿ, ಸೂರ್ಯನ ಚಿತ್ರ ಬರತೈತಲ್ಲ, ಅದನ್ನ ಕೆಳಗ ಜಗ್ಗು. ಅಂಕಿ ಇದ್ರ ಮೈನಸ್ 0.7 ಇಡು, ಸಾಲದಿದ್ರ ಮೈನಸ್ 1. ಪರದೆ ಮ್ಯಾಲೆ ಜರಾ ಕಪ್ಪು ಅನಸ್ತೈತಿ, ಅಂಜಬ್ಯಾಡ. ಮತ್ತ ಫೋನು ಕಾಯಿ ಹಂತೇಕ ಒಯ್ಯಬ್ಯಾಡ. ದೊಡ್ಡ ಸೆನ್ಸರಿಗೆ ಅಷ್ಟು ಹತ್ರ ಫೋಕಸ್ ಆಗೂದಿಲ್ಲ. ಒಂದ್ ಮೊಳ ಹಿಂದ ಸರದು 2ಎಕ್ಸ್ ಹಾಕು.

ಉಣಕಲ್_ಕೆರಿದಂಡಿ:
ಅಕ್ಕಾರ ಹೇಳಿದ್ದು ಒಪ್ಪಿದೆ. ಆದ್ರೂ ಲೆನ್ಸ್ ಒರಸಿ ತಗೀರಿ.

ಕಡ್ಡಿಕಾಯಿ_ಹಾವೇರಿ:
ಅಕ್ಕಾರ, ಇವತ್ತ ಏಳೂವರಿಗೆ ಕಣಕ್ಕ ಹೋಗಿ ಒಂದ್ ಬೊಗಸಿ ಕಾಯಿ ಗೋಣಿಚೀಲದ ಮ್ಯಾಲೆ ಹಾಕಿ ತಗದೆ. ಮೈನಸ್ 1ಕ್ಕ ಬಂತ್ರಿ! ತೊಟ್ಟಿನ ಬುಡದಿಂದ ತುದಿತನಕ ಮಡಿಕಿ ಮಡಿಕಿ ಸುಕ್ಕು, ಒಂದೊಂದು ಮಡಿಕಿ ಒಳಗ ಕರೇ ಗೆರಿ. ಚೀಲದ ನೂಲೂ ಕಾಣತೈತಿ. ನಮ್ಮ ಅಪ್ಪಾಗ ತೋರಿಸಿದೆ, "ಈಗ ಇದು ನಮ್ಮ ಕಾಯಿ" ಅಂದ. ಗಿರಾಕಿಗೆ ಕಳಿಸಿದ್ರ ಮತ್ತ ಮಸುಕು ಕಾಣತೈತಿ ಅಂತಾರ. ಅದ್ಯಾಕ?

ರಾಣೇಬೆನ್ನೂರು_ಜಿಂಕೆ:
ವಾಟ್ಸಾಪಿನಾಗ ಫೋಟೋ ಅಂತ ಕಳಿಸಿದ್ರ ಸಣ್ಣ ಆಗಿ ಹೋಗತೈತಿ. ಡಾಕ್ಯುಮೆಂಟ್ ಅಂತ ಕಳಿಸ್ರಿ, ಇದ್ದಂಗ ಮುಟ್ಟತೈತಿ.

ಬೆಟಗೇರಿ_ಫೋಟೋ:
ನಾನೂ ಮನ್ಯಾಗಿನ ಮೆಣಸಿನಕಾಯಿ ಇಟ್ಟು 108ರಾಗ, 12ರಾಗ ಎರಡೂ ತಗದೆ. ಕೆಂಪು ಎರಡರಾಗೂ ಒಡದೈತಿ. ಅಕ್ಕಾರ ಮಾತು ಖರೇ. ಕಲ್ಲಿಗೆ ಮಾತ್ರ ನಾ 108 ಬಿಡೂದಿಲ್ಲ.

ಕಡ್ಡಿಕಾಯಿ_ಹಾವೇರಿ:
ಡಾಕ್ಯುಮೆಂಟ್ ಮುಟ್ಟೇತಿ. ಗಿರಾಕಿ ಸುಕ್ಕು ನೋಡಿ ಬ್ಯಾಡಗಿ ಅಂತ ಒಪ್ಪಿದ್ರು. ಬಣ್ಣ ಮಾತ್ರ ಅವರ ಫೋನಿನಾಗ ಬ್ಯಾರೆ, ನನ್ನ ಫೋನಿನಾಗ ಬ್ಯಾರೆ.

ಕಸೂತಿ_ಅಕ್ಕ_ಧಾರವಾಡ:
ಪರದೆಗೊಂದು ಬಣ್ಣ ಇರತೈತಿ ತಮ್ಮಾ, ಅದು ನಮ್ಮ ಕೈಯಾಗಿಲ್ಲ. ನಾ ಸೀರಿಗೆ ಒಂದ್ ಎಳಿ ದಾರ ಲಕೋಟಿದಾಗ ಹಾಕಿ ಕಳಸತೇನಿ. ನೀನೂ ಕಾಲ್ ಕಿಲೋ ಕಾಯಿ ಪಾರ್ಸಲ್ ಮಾಡು.

ಕಡ್ಡಿಕಾಯಿ_ಹಾವೇರಿ:
ನಾಳೆ ಬಸ್ಸಿಗೆ ಹಾಕತೇನ್ರಿ ಅಕ್ಕಾರ.

ಶಿಗ್ಗಾವಿ_ಅಂಗಡಿ:
ನಂದೂ ಒಂದ್ ಐತ್ರಿ. ಅಂಗಡ್ಯಾಗ ಎಲ್ಇಡಿ ಬಲ್ಬಿನ ಕೆಳಗ ತಗದ್ರ ಫೋಟೋ ತುಂಬಾ ಅಡ್ಡ ಪಟ್ಟಿ ಬರತಾವು. ಯಾರಿಗರೆ ಗೊತ್ತೈತೇನು?