ಈರುಳ್ಳಿ ಹಾಕಿದರೆ ಆನೆ ಉದ್ದವಾಗುತ್ತೆ

"ದುಡ್ಡು ಕೊಟ್ಟು ದಾರ ತರ್ತೀರಿ, ಕಣ್ಣು ನೋಯಿಸಿಕೊಂಡು ಕೂರ್ತೀರಿ, ಕೊನೆಗೆ ಹೆಣೆಯುವುದು ಏನು? ತೂತು!" ಅಂದ ಸುರೇಶ.

ಪದ್ಮಾ ತಲೆ ಎತ್ತಲಿಲ್ಲ. "ತೂತಿಗೂ ಲೆಕ್ಕ ಇದೆ ಕಣೋ, ಸುಮ್ನೆ ಬರಲ್ಲ."

ಭಾನುವಾರ ಸಂಜೆ ಅವಳ ಮನೆಯಲ್ಲಿ ಸೇರಿದರೆ ನಮ್ಮ ಮಾತು ಒಂದು ಕಡೆ ನಿಲ್ಲುವುದು ಅಪರೂಪ. ಈ ಸಲ ಮಾತ್ರ ತರಕಾರಿ ಚೀಲಕ್ಕೆ ಸಿಕ್ಕಿಹಾಕಿಕೊಂಡಿತು. ಪದ್ಮಾ ಹತ್ತಿ ದಾರದಲ್ಲಿ, ಕೊಕ್ಕೆ ಸೂಜಿಯಿಂದ, ಕ್ರೋಶಾ ಚೀಲ ಹೆಣೆಯುತ್ತಿದ್ದಾಳೆ. ಬಲೆಯ ಹಾಗೆ ಇರುತ್ತೆ, ಮಧ್ಯದಲ್ಲಿ ಒಂದು ಆನೆ ಕಾಣಿಸುತ್ತೆ. ಇದಕ್ಕೆ ಫಿಲೆ ಕ್ರೋಶಾ ಅಂತಾರೆ. ಎದುರಿಗೆ ಗ್ರಾಫ್ ಹಾಳೆ, ಅದರಲ್ಲಿ ಪೆನ್ಸಿಲ್ಲಿನಿಂದ ತುಂಬಿದ ಚೌಕಗಳು.

"ನೋಡು, ಒಂದು ಕಂಬ, ಅಂದರೆ ನೆಟ್ಟಗೆ ನಿಲ್ಲುವ ಹೆಣಿಗೆ, ಎರಡು ಚೈನು, ಅಂದರೆ ಸರಪಳಿ ಹೆಣಿಗೆ, ಮತ್ತೆ ಒಂದು ಕಂಬ. ಇದು ಖಾಲಿ ಮನೆ. ಆ ಎರಡು ಚೈನಿನ ಜಾಗದಲ್ಲಿ ಎರಡು ಕಂಬ ಹಾಕಿದರೆ ತುಂಬಿದ ಮನೆ. ಇಷ್ಟೇ. ಆನೆ ಪೂರ್ತಿ ತುಂಬಿದ ಮನೆ, ಸುತ್ತ ಎಲ್ಲಾ ಖಾಲಿ ಮನೆ."

"ಎ ಖಾತೆಯೋ, ಬಿ ಖಾತೆಯೋ?"

ಅವನ ಕಡೆ ಯಾರೂ ನೋಡಲಿಲ್ಲ. ಪದ್ಮಾ ಲೆಕ್ಕ ಮುಂದುವರಿಸಿದಳು. ಮೊದಲ ಸಾಲು ಖಾಲಿ ಮನೆಯಿಂದ ಶುರುವಾಗುವುದಾದರೆ, ಎಷ್ಟು ಮನೆ ಅಗಲ ಬೇಕೋ ಅದನ್ನು ಮೂರರಿಂದ ಗುಣಿಸಿ ಐದು ಸೇರಿಸಬೇಕಂತೆ. 30 ಮನೆಗೆ ಶುರುವಿನಲ್ಲಿ 95 ಚೈನು. ಮೊದಲ ಕಂಬ ಸೂಜಿಯಿಂದ 8ನೇ ಚೈನಿಗೆ. ಎಲ್ಲೋ ಒಂದು ಮನೆ ತಪ್ಪಿದರೆ ಆನೆಯ ಸೊಂಡಿಲು ಬಾಲದ ಕಡೆ ಬರುತ್ತೆ ಅಂತ ಅವಳೇ ಹೇಳಿದಳು.

ಸರೋಜಕ್ಕ ಸೀರೆ ಕುಚ್ಚು ಹಾಕುವವರು, ಕ್ರೋಶಾ ಕುಚ್ಚಿನಲ್ಲಿ ಪಳಗಿದ ಕೈ. ಕೇಳಿ ಕೇಳಿ ಅವರಿಗೂ ಆಸೆ ಬಂತು. "ನನ್ನ ಹತ್ತಿರ ರೇಷ್ಮೆ ದಾರ ರಾಶಿ ಇದೆ, ಸೂಜಿನೂ ಇದೆ, ನಾನೂ ಒಂದು ಶುರು ಮಾಡ್ಲಾ?"

"ಆ ಸಣ್ಣ ಸೂಜಿಯಲ್ಲೇನಾ? ನಿಮ್ಮ ಮೊಮ್ಮಗಳ ಮದುವೆಗೆ ಮುಗಿಯುತ್ತೆ ಅಕ್ಕ. ಮೂರು ಮಿಲಿಮೀಟರ್ ಆಸುಪಾಸಿನ ಸೂಜಿ ತಗೊಳ್ಳಿ. ದಾರ ಹತ್ತಿಯದೇ ಇರಲಿ. ಒಗೆಯಬಹುದು, ಬಿಸಿಲಿಗೆ ಹಾಕಬಹುದು."

ಧಾರವಾಡದ ಗಿರಿಜಾ ಅಲ್ಲಿವರೆಗೆ ಗ್ರಾಫ್ ಹಾಳೆಯನ್ನೇ ನೋಡುತ್ತಾ ಇದ್ದವಳು ಬಾಯಿ ಬಿಟ್ಟಳು. "ಇದು ನಮ್ಮ ಕಸೂತಿ ಲೆಕ್ಕಾನೇ ಅಲ್ಲೇನ್ರೀ?" ಅಲ್ಲಿಂದ ಅವಳನ್ನು ಹಿಡಿಯುವವರಿಲ್ಲ. ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹೊಲಿಯಬೇಕು. ಗವಂತಿ, ಮುರ್ಗಿ, ನೇಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ಮೆಂತೆ ಅಂದರೆ ಅಡ್ಡ ಉದ್ದ ದಾಟುವ ಹೊಲಿಗೆ, ಚೌಕ ಚೌಕವಾಗಿ ಕೂರುತ್ತೆ, ಹಾಗಾಗಿ ಅದರ ಚಿತ್ರವನ್ನು ಇದ್ದ ಹಾಗೇ ಈ ಮನೆಗಳಿಗೆ ಇಳಿಸಬಹುದು. ಓರೆ ಗೆರೆ ಮಾತ್ರ ಇಲ್ಲಿ ನಡೆಯಲ್ಲ. ಓರೆ ಗೆರೆ ಎಳೆದರೆ ಮೆಟ್ಟಿಲಾಗುತ್ತೆ. ನವಿಲಿನ ಕತ್ತು ಎತ್ತಬೇಕು ಅಂತ ಹೊರಟರೆ ಮೆಟ್ರೋ ಸ್ಟೇಷನ್ನಿನ ಎಸ್ಕಲೇಟರ್ ಬಂದು ನಿಲ್ಲುತ್ತೆ. ಗೋಪುರಕ್ಕೆ ಆ ತೊಂದರೆ ಇಲ್ಲ, ಅದು ಮೊದಲೇ ಮೆಟ್ಟಿಲು ಮೆಟ್ಟಿಲು. ತುಳಸಿ ಕಟ್ಟೆಯೂ ಸರಿ.

ನನ್ನನ್ನು ಕೇಳಿದರೆ, ಚೀಲಕ್ಕೆ ಹೇಳಿ ಮಾಡಿಸಿದ ಚಿತ್ರ ಗೋಪುರವೇ. ಆದರೆ ಪದ್ಮಾ ಆನೆಯ ಮೇಲೆ ಜೀವ ಇಟ್ಟುಕೊಂಡಿದ್ದಳು. ಅವಳು ಮೊದಲು ಮಾಡಿದ ಚೀಲವೊಂದನ್ನು ತಂದು ತೋರಿಸಿದಳು, ಖಾಲಿ ಇದ್ದಾಗ ಎಷ್ಟು ಚೆಂದ ಅಂದರೆ ಗೋಡೆಗೆ ತೂಗುಹಾಕಬಹುದು. ಸುರೇಶ ಅಡುಗೆಮನೆಗೆ ಹೋಗಿ ಎರಡು ಕಿಲೋ ಈರುಳ್ಳಿ ಹಾಕಿಕೊಂಡು ಬಂದ. ಆನೆ ಜಿರಾಫೆಯಾಗಿತ್ತು. ಖಾಲಿ ಮನೆಗಳು ಭಾರಕ್ಕೆ ಜಗ್ಗುತ್ತವೆ, ತುಂಬಿದ ಮನೆಗಳು ಅಷ್ಟು ಜಗ್ಗಲ್ಲ, ಹಾಗಾಗಿ ಸೊಂಡಿಲು ಒಂದು ಕಡೆ ಎಳೆದರೆ ಹೊಟ್ಟೆ ಇನ್ನೊಂದು ಕಡೆ ಎಳೆಯುತ್ತಿತ್ತು, ಕಣ್ಣಿನ ತೂತಿನಿಂದ ಈರುಳ್ಳಿ ಸಿಪ್ಪೆ ಇಣುಕುತ್ತಿತ್ತು.

"ಚಿತ್ರ ಮೇಲಿನ ಅಂಚಿಗೆ ಹಾಕಬೇಕು," ಅಂದಳು ಗಿರಿಜಾ. ಸರಿಯಾದ ಮಾತು. ಭಾರ ಬೀಳುವುದು ಕೆಳಗೆ, ಅಲ್ಲಿ ಒತ್ತಾಗಿ ಕಂಬವೇ ಹಾಕಿ ತಳ ಗಟ್ಟಿ ಮಾಡಬೇಕು. ಮಧ್ಯೆ ಬರೀ ಬಲೆ. ಹಿಡಿಯ ಹತ್ತಿರ ಗೋಪುರದ ಸಾಲು.

ಆಮೇಲೆ ಯಾವ ತರಕಾರಿ ಅಂತ ಶುರುವಾಯಿತು. ಆಲೂಗಡ್ಡೆ, ಟೊಮೆಟೊ, ಮೂಸಂಬಿ ಓಕೆ. ಈರುಳ್ಳಿಗಂತೂ ಗಾಳಿ ಆಡಬೇಕು, ಅದಕ್ಕೆ ಇದೇ ಸರಿ. ಹುರುಳಿಕಾಯಿ ಹಾಕಿದರೆ ಮುಳ್ಳುಹಂದಿ. ಹಸಿಮೆಣಸಿನಕಾಯಿ ದಾರಿಯುದ್ದಕ್ಕೂ ಒಂದೊಂದೇ ಇಳಿದು ಹೋಗುತ್ತೆ. ಕೊತ್ತಂಬರಿ ಸೊಪ್ಪಿನ ಮಾತೇ ಬೇಡ.

"ತೂಕ ಮಾಡುವವನು ಚೀಲದ ತೂಕ ಕಳೀತಾನಾ?" ಸರೋಜಕ್ಕ ಕೇಳಿದರು. ಕೆಲವರು ಕಳೀತಾರೆ. ಕೆಲವರು ಚೀಲದ ಜೊತೆಗೇ ತಕ್ಕಡಿಗೆ ಇಡ್ತಾರೆ. ಇನ್ನು ಕೆಲವರು ಇದ್ದಾರೆ, ಚೀಲ ಮುಂದೆ ಚಾಚಿದರೂ ಟೊಮೆಟೊವನ್ನು ಮೊದಲು ತೆಳು ಪ್ಲಾಸ್ಟಿಕ್ ಕವರಿಗೆ ಹಾಕಿ, ಗಂಟು ಕಟ್ಟಿ, ಆ ಕವರನ್ನು ನಮ್ಮ ಚೀಲದೊಳಗೆ ಪ್ರೀತಿಯಿಂದ ಇಳಿಸುತ್ತಾರೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ ಬಂದದ್ದು 2016ರಲ್ಲಿ. ಗಾಡಿಯವರ ಹತ್ತಿರ ಆ ಕವರ್ ಕಂತೆ ಇನ್ನೂ ಮುಗಿದಿಲ್ಲ.

"ಇಷ್ಟೆಲ್ಲಾ ಯಾಕೆ?" ಸುರೇಶ ಮತ್ತೆ ಎದ್ದ. "ಮನೆಮನೆಯಲ್ಲೂ ತಾಂಬೂಲದ ಚೀಲ ಕಪಾಟು ತುಂಬಾ ಇದೆ. ನಮ್ಮ ಮನೆಯಲ್ಲಿ ಒಂದು ಇದೆ, ಅದರ ಮೇಲೆ ಹೆಸರಿರುವ ಗಂಡ ಹೆಂಡತಿ ಡೈವೋರ್ಸ್ ತಗೊಂಡೂ ಆಯ್ತು, ಚೀಲ ಇನ್ನೂ ಗಟ್ಟಿಯಾಗಿದೆ."

ಇದಕ್ಕೆ ಪದ್ಮಾಳ ಹತ್ತಿರ ಉತ್ತರ ಇರಲಿಲ್ಲ, ಯಾರ ಹತ್ತಿರವೂ ಇರಲಿಲ್ಲ. ಆ ಚೀಲಗಳಿಗೆ ನಿಜವಾಗಿಯೂ ಸಾವಿಲ್ಲ. ಆದರೂ ಅದನ್ನು ಹಿಡಿದು ಮಾರ್ಕೆಟ್ಟಿಗೆ ಹೋದರೆ ಯಾರೂ ನಿಲ್ಲಿಸಿ "ಇದು ಎಲ್ಲಿ ತಗೊಂಡ್ರಿ?" ಅಂತ ಕೇಳಲ್ಲ. ಕ್ರೋಶಾ ಚೀಲ ಹಿಡಿದರೆ ಕೇಳ್ತಾರೆ. ಪದ್ಮಾ ಹೆಣೆಯುವುದಕ್ಕೆ ಅರ್ಧ ಕಾರಣ ಅದೇ ಅಂತ ನನ್ನ ಅನುಮಾನ, ತಪ್ಪೇನಿಲ್ಲ.

ಸರೋಜಕ್ಕ ಅಷ್ಟರಲ್ಲಿ ಬೆರಳು ಮಡಚಿ ಬೇರೆ ಲೆಕ್ಕ ಹಾಕುತ್ತಿದ್ದರು. "ಸೀರೆ ಕುಚ್ಚಿಗೆ ತಗೊಳ್ಳುವ ಕೂಲಿಯನ್ನೇ ಇದಕ್ಕೂ ಹಾಕಿದರೆ, ಒಳಗಿನ ತರಕಾರಿಗಿಂತ ಚೀಲವೇ ದುಬಾರಿ ಕಣೇ."

"ಹಾಗಾದರೆ ಕಳ್ಳ ಬಂದರೆ ತರಕಾರಿ ಸುರಿದು ಚೀಲ ಹೊತ್ತುಕೊಂಡು ಹೋಗ್ತಾನೆ," ಅಂದ ಸುರೇಶ.

"2023ರ ಜುಲೈ ಮರೆತೆಯಾ?" ಗಿರಿಜಾ ಕೇಳಿದಳು. "ಟೊಮೆಟೊ ಕಿಲೋಗೆ ನೂರು ದಾಟಿತ್ತು. ಅಂಥ ದಿನ ಬಂದರೆ ಚೀಲ ಬಿಟ್ಟು ಹೋಗ್ತಾನೆ, ಬಿಡು."